ಮೇಲೂರಿನವರ ಭಾರ

ಆಕಾಶದಲ್ಲಿ ಕಟ್ಟಿದ ಮೇಲೂರಿನಿಂದ ಇನ್ನು ಯಾರೂ ಕೆಳಗಿಳಿದು ಬರುವುದಿಲ್ಲ ಎಂಬ ಸುದ್ದಿ ಬಂದಾಗ ನಮ್ಮಕ್ಕ ನೀಲಗಂಗಾ ಊರ ಹೊಂಡದ ಮೆಟ್ಟಿಲ ಮೇಲೆ ಕೂತು ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ನೀರಿಗಿಳಿಯದೆ, ಕೂತಲ್ಲಿಂದಲೇ ಕೂಗಿ ಹೇಳಿ ಕಲಿಸುತ್ತಿದ್ದಳು. ಮೇಲೂರನ್ನು ಕಟ್ಟಿಸುವ ಮಂಡಳಿಯ ಜೀಪು ಹೊಂಡದ ಸುತ್ತ ನಿಧಾನವಾಗಿ ತಿರುಗುತ್ತ ಧ್ವನಿವರ್ಧಕದಲ್ಲಿ ಸಾರಿತು. ಮೇಲೂರು ಇನ್ನು ಕೆಲಸಗಾರರ ಬಿಡಾರವಲ್ಲ, ಮನುಷ್ಯರ ಖಾಯಂ ಊರು. ಅಲ್ಲಿರುವವರು ಅಲ್ಲೇ ಮನೆ ಮಾಡುತ್ತಾರೆ, ಅಲ್ಲೇ ಮದುವೆಯಾಗುತ್ತಾರೆ, ಅಲ್ಲೇ ಮಕ್ಕಳನ್ನು ಹಡೆಯುತ್ತಾರೆ. ಇದು ನಮ್ಮೆಲ್ಲರಿಗೂ ಹೆಮ್ಮೆಯ ದಿನ. ನೀರಿನಲ್ಲಿದ್ದ ಮಕ್ಕಳು ಚಪ್ಪಾಳೆ ತಟ್ಟಿದವು. ಅಕ್ಕ ಅವರನ್ನು ಸುಮ್ಮನಿರಿಸಿ, ಪಕ್ಕದಲ್ಲಿ ಕೂತಿದ್ದ ನನ್ನ ಕಡೆ ತಿರುಗಿ, "ಖಾಯಂ ಅಂದ್ರ ಏನು ದಾಕ್ಷಿ?" ಎಂದಳು. ಆ ಶಬ್ದದ ಅರ್ಥ ಗೊತ್ತಿಲ್ಲದೆ ಕೇಳಿದ್ದಲ್ಲ. ನಾನು ಬಾಯಿ ಬಿಟ್ಟು ಹೇಳಲಿ ಎಂದು ಕೇಳಿದ್ದು.

ನಮ್ಮೂರಿನಲ್ಲಿ ಮೈಭಾರ ಇಳಿಸಿಡದೆ ಯಾರೂ ಮೇಲೇರುವ ಹಾಗಿಲ್ಲ. ಹೋಗುವವನು ಇಲ್ಲೇ ಉಳಿಯುವ ಒಬ್ಬರ ಬರಿಗೈ ಹಿಡಿದು 'ಇಟ್ಟುಕೋ' ಅನ್ನಬೇಕು, ಅವರು 'ಆಯಿತು' ಅನ್ನಬೇಕು. ಅಷ್ಟಾದರೆ ಅವನ ಭಾರವೆಲ್ಲ ಇವರ ಮೈಗೆ ಬರುತ್ತದೆ. ಅವನು ಅರಳೆಯ ಹಾಗೆ ಹಗುರಾಗಿ ಏರುಗಾಡಿ ಹತ್ತಿ ಹೊರಟುಹೋಗುತ್ತಾನೆ. ಮುಂದೆ ಯಾವಾಗಲಾದರೂ ಅವನ ಬರಿಗೈ ಇವರ ಕೈಗೆ ಸೋಕಿದರೆ ಸಾಕು, ಅವನದು ಅವನಿಗೆ ಸೇರುತ್ತದೆ. ಸೋಕದಿದ್ದರೆ ಇವರೇ ಹೊತ್ತುಕೊಂಡಿರಬೇಕು. ಹೊತ್ತವರು ಸಾಯುವಾಗ ಯಾರು ಕೈ ಹಿಡಿದುಕೊಂಡಿರುತ್ತಾರೋ ಅವರಿಗೆ ಅದು ದಾಟುತ್ತದೆ.

ಅಕ್ಕ ಹೊತ್ತದ್ದು ಜಯತೀರ್ಥ ಎಂಬ ಎಂಜಿನಿಯರನ ಭಾರ. ಮೇಲೂರಿನ ಮೊದಲ ಬಳೆಯನ್ನು, ಆಕಾಶದಲ್ಲಿ ತೇಲುವ ಆ ದೊಡ್ಡ ಉಂಗುರವನ್ನು, ಜೋಡಿಸಲು ಬೇರೆ ಕಡೆಯಿಂದ ಬಂದವನು. ನಮ್ಮ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದ. ಸಂಜೆ ಕೆಳಗೆ ಬಂದು ನಮ್ಮೊಂದಿಗೆ ರೊಟ್ಟಿ ಉಣ್ಣುತ್ತಿದ್ದ, ಆಕಾಶದಲ್ಲಿ ಕಟ್ಟುವ ಊರಿನ ಬಗ್ಗೆ ಮಾತಾಡುತ್ತಿದ್ದ. ಅಲ್ಲಿ ಗೋಡೆಯ ಮೇಲೂ ನಡೆಯಬಹುದು, ಮಲಗಿದವರನ್ನು ಬೆಲ್ಟಿನಿಂದ ಕಟ್ಟಬೇಕು, ಸೊಪ್ಪು ಸುತ್ತಲೂ ಎಲ್ಲ ಕಡೆಗೂ ಬೆಳೆಯುತ್ತದೆ ಎಂದೆಲ್ಲ ಹೇಳುತ್ತಿದ್ದ. ಒಳ್ಳೆಯ ಮಾತುಗಾರ. ಮೂರು ವರ್ಷದ ಕೆಲಸ, ಮುಗಿದ ತಕ್ಷಣ ಬಂದು ಇಸಿದುಕೊಳ್ಳುತ್ತೇನೆ ಎಂದು ಅವನು ಕೇಳಿದಾಗ ಅಕ್ಕ ಹೆಚ್ಚು ಯೋಚಿಸಲಿಲ್ಲ. ಆಗ ಊರಿಗೆ ಊರೇ ಹೊರುತ್ತಿತ್ತು. ಊರಿಗೆ ಹೋಗುವ ನೆರೆಯವರ ಬೀಗದ ಕೈ ಇಟ್ಟುಕೊಂಡ ಹಾಗೆ ಅಂದುಕೊಂಡಿದ್ದರು ಎಲ್ಲರೂ. ಅಕ್ಕನಂತೂ ಈಜುಗಾರ್ತಿ. ಹೊಂಡದ ಆಚೆ ದಡದಿಂದ ಈಚೆ ದಡಕ್ಕೆ ಸದ್ದಿಲ್ಲದೆ ಬರುತ್ತಿದ್ದಳು. ನೀರಿನ ಮೇಲೆ ಅಂಗಾತ ಮಲಗಿ ನನ್ನ ಜೊತೆ ಹರಟೆ ಹೊಡೆಯುತ್ತಿದ್ದಳು. ನೀರಿನೊಳಗೆ ಒಬ್ಬ ಗಂಡಸಿನ ಭಾರ ಏನು ಮಹಾ ಎಂದು ನಕ್ಕು ಕೈ ಕೊಟ್ಟಿದ್ದಳು.

ಮರುದಿನವೇ ಹೊಂಡಕ್ಕಿಳಿದು ನೇರ ತಳಕ್ಕೆ ಹೋದಳು. ಇಬ್ಬರು ಮುಳುಗಿ, ಹಗ್ಗ ಕಟ್ಟಿ, ದಡದಲ್ಲಿದ್ದವರೆಲ್ಲ ಸೇರಿ ಎಳೆದು ಮೇಲೆ ತರಬೇಕಾಯಿತು. ನೀರು ಕಾರಿಕೊಂಡ ಮೇಲೆ ಅವಳು ಬಹಳ ಹೊತ್ತು ಹೊಂಡವನ್ನೇ ನೋಡುತ್ತ ಕೂತಿದ್ದಳು. ಮೂರೇ ವರ್ಷವಲ್ಲವೇ ಎಂದು ನಾನು ಸಮಾಧಾನ ಹೇಳಿದೆ. ಅವಳೂ ಹಾಗೇ ಹೇಳಿಕೊಂಡಳು.

ಊರು ಹೊಂದಿಕೊಂಡಿತು. ಕಮ್ಮಾರರು ಕಬ್ಬಿಣದ ಕಾಲಿನ ಮಂಚ ಮಾಡತೊಡಗಿದರು. ಖಾನಾವಳಿಯಲ್ಲಿ ಹೊತ್ತವರಿಗೆಂದು ಕಲ್ಲಿನ ಬೆಂಚು ಹಾಕಿದರು. ಆಟೋದವರು ಹೊತ್ತವರನ್ನು ನಡುವೆ ಕೂರಿಸಿ ಎರಡೂ ಬದಿಗೆ ಯಾರದನ್ನೂ ಹೊರದವರನ್ನು ಕೂರಿಸುತ್ತಿದ್ದರು. ಮನೆಗಳಿಂದ ಉಯ್ಯಾಲೆಗಳು ಹೋದವು. ಹೊತ್ತ ಹೆಂಗಸರ ಚಪ್ಪಲಿ ವಾರ ಬಾಳುತ್ತಿರಲಿಲ್ಲ. ಕೊನೆಗೆ ಅವರು ಬರಿಗಾಲಲ್ಲೇ ನಡೆದರು, ಹಿಮ್ಮಡಿಗಳು ಒಡೆದವು. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವ ಮುನ್ನ ಯಾರದಾದರೂ ಹೊತ್ತಿದ್ದಾಳೆಯೇ ಎಂದು ಕೇಳುತ್ತಿದ್ದರು. ಅಕ್ಕನ ಮದುವೆಯ ಮಾತು ಅಲ್ಲಿಗೇ ನಿಂತಿತು. ಸಂಜೆ ಹೊತ್ತು ಪಡುವಣದಲ್ಲಿ ಮೇಲೂರು ಬಳೆಯ ಹಾಗೆ ಹೊಳೆಯುತ್ತ ಕಾಣುತ್ತಿತ್ತು. ಹೊರಗಿನಿಂದ ಬಂದವರು ಅದನ್ನು ನೋಡಿ ಮೈಮರೆಯುತ್ತಿದ್ದರು. ಅದರ ಕೆಳಗೆ ಓಡಾಡುತ್ತಿದ್ದ ಹೆಂಗಸರು ಯಾಕೆ ಅಷ್ಟು ನಿಧಾನವಾಗಿ ಮೆಟ್ಟಿಲು ಹತ್ತುತ್ತಾರೆಂದು ಯಾರೂ ಕೇಳುತ್ತಿರಲಿಲ್ಲ.

ಖಾಯಂ ಊರೆಂದು ಸಾರಿದ ಮೇಲೆ ಹೊತ್ತವರೆಲ್ಲ ಮಂಡಳಿಯ ಕಚೇರಿಗೆ ಹೋದರು. ಕಚೇರಿಯ ಮೇಲ್ವಿಚಾರಕ ಹಂಪಣ್ಣ ನಮ್ಮೂರಿನವನೇ. ಅವನು ಯಾರದನ್ನೂ ಹೊತ್ತಿರಲಿಲ್ಲ. ನಿಮ್ಮ ಹೆಸರನ್ನೆಲ್ಲ ಮೇಲೂರಿನ ಗೋಡೆಯ ಮೇಲೆ ಕೆತ್ತಿಸುತ್ತಾರೆ ಎಂದು ಹೇಳಿ ಚಹಾ ಕುಡಿಸಿ ಕಳಿಸಿದ. ಆ ಗೋಡೆಯನ್ನು ನೋಡಲು ಮೇಲೆ ಹೋಗಬೇಕಾದರೆ ಅವರು ತಮ್ಮ ಭಾರವನ್ನು, ಮೇಲಿನವರ ಭಾರವನ್ನು, ಎರಡನ್ನೂ ಮತ್ತೊಬ್ಬರ ತಲೆಗೆ ಕಟ್ಟಬೇಕಿತ್ತು. ಯಾರೂ ಹೋಗಲಿಲ್ಲ.

ಒಂದು ಬೆಳಿಗ್ಗೆ ಅಕ್ಕನ ಕಬ್ಬಿಣದ ಮಂಚದ ಕಾಲು ಬಗ್ಗಿತು. ನಾನು ಓಡಿಹೋಗಿ ನೋಡಿದರೆ ಅವಳು ಓರೆಯಾದ ಮಂಚದ ಮೇಲೆ ಗೋಡೆ ಹಿಡಿದು ಕೂತಿದ್ದಳು. ರಾತ್ರಿಗಿಂತ ತುಸು ಹೆಚ್ಚಾಗಿದೆ ಅನಿಸುತ್ತದೆ, ಬಗಲಲ್ಲಿ ಏನೋ ಇಟ್ಟ ಹಾಗಿದೆ ಎಂದಳು. ಜ್ವರವಿರಬಹುದೆಂದು ಹಣೆ ಮುಟ್ಟಿ ನೋಡಿದೆ. ಮಧ್ಯಾಹ್ನ ಹಂಪಣ್ಣ ಪೇಡೆಯ ಡಬ್ಬಿ ಹಿಡಿದುಕೊಂಡು ಬಂದ. ಜಯತೀರ್ಥನಿಗೆ ಹೆಣ್ಣು ಕೂಸು ಹುಟ್ಟಿದೆ, ಮೇಲೂರಿನಲ್ಲೇ ಹುಟ್ಟಿದ ಮೊದಲ ಕೂಸು, ತಾರಿಣಿ ಎಂದು ಹೆಸರಿಟ್ಟಿದ್ದಾರೆ, ಮೇಲೆ ಹುಟ್ಟಿದ ಕೂಸಿನ ಭಾರ ಅಪ್ಪನದನ್ನು ಹೊತ್ತವರಿಗೇ ಸೇರುತ್ತದೆ, ಅದು ನಿಮಗೇ ಬಂದದ್ದು ನಿಮ್ಮ ಪುಣ್ಯ ಎಂದ. ಅಕ್ಕ ಡಬ್ಬಿಯನ್ನು ನೋಡಲಿಲ್ಲ.

"ಅದಕ ನನ್ನ ಕೇಳಿದ್ರೇನು?"

"ಕೂಸು ಹುಟ್ಟೂದನ್ನ ಯಾರರ ಕೇಳಿ ಹುಟ್ಟಸ್ತಾರೇನ್ರಿ," ಎಂದು ಹಂಪಣ್ಣ ನಗಲು ನೋಡಿದ.

"ನನ್ನ ಮೈಮ್ಯಾಲೆ ಹುಟ್ಟಸೂದಿದ್ರ ಕೇಳಬೇಕು."

ಹಂಪಣ್ಣ ಡಬ್ಬಿಯನ್ನು ಕಿಟಕಿಯಲ್ಲಿಟ್ಟು ಹೊರಟ. ಅಕ್ಕ ಅದನ್ನು ತೆಗೆದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಬಾಗಿಲ ತನಕ ಬಂದು, ಅವನ ಬೆನ್ನಿಗೆ ಬೀಸಿ ಒಗೆದಳು. ಪೇಡೆಗಳು ಓಣಿಯ ತುಂಬ ಉರುಳಿದವು. ಅವಳಿಗೆ ಸಿಟ್ಟು ಬಂದದ್ದನ್ನು ನಾನು ಮೊದಲು ನೋಡಿದ್ದು ಆವತ್ತು. ಆಮೇಲೆ ಅದು ಇಳಿದದ್ದನ್ನು ನೋಡಲಿಲ್ಲ.

ಕೂಸು ಬೆಳೆಯಿತು. ಅದು ಬೆಳೆದಷ್ಟೂ ಅಕ್ಕ ಕುಗ್ಗಿದಳು. ಅದಕ್ಕೆ ಹಲ್ಲು ಬಂದದ್ದು, ಊಟ ಸೇರಿದ್ದು, ಜಡ್ಡಿಗೆ ಬಿದ್ದು ಬಡಕಲಾದದ್ದು ಎಲ್ಲ ಅವಳ ಮಂಡಿಗೆ ಗೊತ್ತಾಗುತ್ತಿತ್ತು. ಒಂದು ಮಳೆಗಾಲದಲ್ಲಿ ನಾಲ್ಕು ದಿನ ಸ್ವಲ್ಪ ಹಗುರೆನಿಸಿದಾಗ, "ಹುಡುಗಿಗೆ ಮೈಯಾಗ ಆರಾಮಿಲ್ಲ ಕಾಣಸ್ತೈತಿ," ಎಂದು ತಾನೇ ಹೇಳಿ, ಹಾಗೆ ಹೇಳಿದ್ದಕ್ಕೆ ತನ್ನ ಮೇಲೆಯೇ ಸಿಡಿಮಿಡಿಗೊಂಡಳು. ತಾಯಿ ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡಳೆಂದೂ, ಅಪ್ಪನೇ ಸಾಕುತ್ತಿದ್ದಾನೆಂದೂ ಮಂಡಳಿಯವರು ಹೇಳಿದ್ದರು.

ಆ ವರ್ಷಗಳಲ್ಲೇ ನಮ್ಮ ಓಣಿಯ ಕಲ್ಲಪ್ಪ ಮಾಸ್ತರು ಸತ್ತರು. ಅವರು ಗಂಡ ಹೆಂಡತಿ ಇಬ್ಬರ ಭಾರ ಹೊತ್ತಿದ್ದರು. ಮೇಲೆ ಆ ಇಬ್ಬರಿಗೆ ಎರಡು ಮಕ್ಕಳಾಗಿದ್ದವು. ಮಾಸ್ತರು ನೆಲದ ಮೇಲೆ ಹಾಸಿದ ಚಾಪೆಯಲ್ಲಿ ಮಲಗಿ ಕೈ ಮುಂದೆ ಮಾಡಿ ಬೆರಳಾಡಿಸುತ್ತಿದ್ದರು. ಅವರ ಮಗ, ಮಗಳು, ಸೊಸೆ ಬಾಗಿಲ ಬಳಿ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅಳುತ್ತ ನಿಂತಿದ್ದರು. ಯಾರೂ ಹಿಡಿಯಲಿಲ್ಲ. ಹಿಡಿಯಬೇಡಿರೆಂದು ಮಾಸ್ತರೇ ಮೊದಲು ಹೇಳಿದ್ದರಂತೆ, ಆದರೆ ಆ ಹೊತ್ತಿಗೆ ಅವರ ಕೈ ತಾನಾಗಿ ಹುಡುಕುತ್ತಿತ್ತು. ಉಸಿರು ನಿಂತ ಮೇಲೆ ಹೆಣವನ್ನು ಎತ್ತಲು ಆಗಲಿಲ್ಲ. ಮಲಗಿದ್ದಲ್ಲೇ ನೆಲ ಅಗೆದು ಮಣ್ಣು ಮಾಡಿದರು. ಅಕ್ಕ ಆ ಮನೆಯಿಂದ ಬಂದವಳೇ ನನಗೆ ಹೇಳಿದಳು, ನನ್ನ ಕೊನೆಗಾಲ ಬಂದಾಗ ನೀನು ಈ ಊರಲ್ಲಿರಬಾರದು, ಬೇರೆ ಕಡೆ ಹೋಗಿ ಕೂತಿರು ಎಂದು. ನಾನು ಜಗಳಾಡಿದೆ. ಅವಳು ಗೋಡೆಗೆ ಗುದ್ದಿದಳು. ಗುದ್ದಿದಲ್ಲಿ ಗಾರೆ ಉದುರಿ ಇಟ್ಟಿಗೆ ಕಾಣಿಸಿತು.

ಮೇಲೂರಿನವರು ಎರಡನೇ ಬಳೆ ಕಟ್ಟತೊಡಗಿದ್ದರು. ಇನ್ನೂ ಅಷ್ಟು ಮನೆತನಗಳು ಹೋಗಬೇಕಿತ್ತು, ಅಷ್ಟೂ ಜನರ ಭಾರಕ್ಕೆ ಕೈಗಳು ಬೇಕಿದ್ದವು. ಊರಿನ ಹುಡುಗ ಹುಡುಗಿಯರ ಮನವೊಲಿಸಲು ಮಂಡಳಿ ಒಂದು ಸಮಾರಂಭ ಇಟ್ಟಿತು. ಮೇಲಿನವರೇ ಕೆಲವರು ಇಳಿದುಬಂದು ಮಾತಾಡುತ್ತಾರೆಂದು ಹಂಪಣ್ಣ ಮನೆಮನೆಗೆ ಹೇಳಿದ. ಬರುವವರಲ್ಲಿ ಜಯತೀರ್ಥನೂ ಅವನ ಮಗಳೂ ಇದ್ದರು. ಅಕ್ಕ ಆವತ್ತು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಳು, ಇಸ್ತ್ರಿ ಮಾಡಿದ ಸೀರೆ ಉಟ್ಟಳು. ಇವತ್ತು ಕೊಟ್ಟುಬಿಡುತ್ತೇನೆ ಎಂದಳು.

ಅವರು ಏರುಗಾಡಿಯಿಂದ ಇಳಿದು ಹೊಂಡದ ದಂಡೆಯ ವೇದಿಕೆಗೆ ನಡೆದು ಬಂದಾಗ ಜನ ಅವರ ಕೈಕಾಲುಗಳನ್ನೇ ನೋಡಿದರು. ಎಲ್ಲರ ಕಾಲಲ್ಲೂ ಸೀಸದ ಬೂಟು. ಅವಿಲ್ಲದಿದ್ದರೆ ಗಾಳಿಗೆ ಹಾರಿಹೋಗುತ್ತಿದ್ದರು. ಎಲ್ಲರ ಕೈಗೂ ಮೊಣಕೈ ತನಕ ಕೈಗವಸು. ಅದು ಯಾತಕ್ಕೆಂದು ಯಾರೂ ಹೇಳಬೇಕಾಗಿರಲಿಲ್ಲ. ಹೊತ್ತವರ ಸಾಲಿನಲ್ಲಿ ಒಂದು ಗುಸುಗುಸು ಎದ್ದು ಸತ್ತಿತು. ಜಯತೀರ್ಥ ಅಕ್ಕನೆದುರು ನಿಂತು ಕೈಗವಸಿನ ಕೈಗಳನ್ನು ಜೋಡಿಸಿದ. ಅವನ ಮುಖ ಉಬ್ಬಿತ್ತು, ಕಾಲುಗಳು ಕಡ್ಡಿಯಾಗಿದ್ದವು. ನೀವು ನನಗೆ ತಾಯಿಯ ಸಮಾನ ಎಂದ. ಅವಳು ಅವನಿಗಿಂತ ಚಿಕ್ಕವಳು. ಅಕ್ಕ ತನ್ನ ಕೈ ಚಾಚಿದಳು. ಅವನು ಒಂದು ಹೆಜ್ಜೆ ಹಿಂದೆ ಸರಿದು, ನನ್ನ ಎಲುಬು ಈಗ ಅದನ್ನು ತಾಳುವುದಿಲ್ಲ, ವೈದ್ಯರು ಸ್ಪಷ್ಟವಾಗಿ ಹೇಳಿದ್ದಾರೆ, ನಿಮಗೆ ಅರ್ಥವಾಗುತ್ತದೆಂದು ನಂಬಿದ್ದೇನೆ ಎಂದು ಹೇಳಿ ವೇದಿಕೆ ಹತ್ತಿದ. ಹತ್ತುವ ಮೊದಲು, ಸೊಂಟದ ಹಗ್ಗದಿಂದ ತನಗೆ ಕಟ್ಟಿಕೊಂಡಿದ್ದ ಮಗಳನ್ನು ಬಿಚ್ಚಿ ಪೆಂಡಾಲಿನ ಕಂಬಕ್ಕೆ ಕಟ್ಟಿದ.

ಅವನು ಮಾತು ಶುರು ಮಾಡಿದ. ಮನುಷ್ಯಕುಲ ಒಂದೇ ಮನೆಯಲ್ಲಿ ಉಳಿಯಬಾರದು ಎಂದ. ಅಕ್ಕ ಬೆನ್ನು ತಿರುಗಿಸಿ ಹೋಗಿ ಹೊಂಡದ ಮೆಟ್ಟಿಲ ಮೇಲೆ ಕೂತಳು. ನಾನೂ ಹಿಂದೆ ಹೋದೆ. ಕೆಳಗಿನ ಮೆಟ್ಟಿಲಲ್ಲಿ ಊರಿನ ಮಕ್ಕಳು ನೀರಿಗೆ ಕಾಲು ಬಿಟ್ಟುಕೊಂಡಿದ್ದವು. ತಾರಿಣಿ ಕಂಬದ ಗಂಟು ಬಿಚ್ಚಿಕೊಂಡು, ಬೂಟು ಎಳೆಯುತ್ತ ಅವರ ಹತ್ತಿರ ಬಂದದ್ದನ್ನು ದೊಡ್ಡವರು ಯಾರೂ ಗಮನಿಸಲಿಲ್ಲ. ಅಷ್ಟು ನೀರು ಒಂದೇ ಕಡೆ ನಿಂತದ್ದನ್ನು ಅವಳು ಕಂಡಿರಲಿಲ್ಲ. ಕೈಗವಸು ತೆಗೆದು ಬೆರಳದ್ದಿದಳು. ಆಮೇಲೆ ಉಳಿದ ಮಕ್ಕಳ ಹಾಗೆ ಕಾಲು ಬಿಡಲೆಂದು ಬೂಟು ಕಳಚಿದಳು.

ಗಾಳಿ ಜೋರೇನಿರಲಿಲ್ಲ. ಆದರೂ ಅವಳು ಎದ್ದಳು. ಕೂತ ಹಾಗೇ, ಮಂಡಿ ಮಡಚಿಕೊಂಡೇ, ನೀರಿನ ಮೇಲಿಂದ ಮೇಲಕ್ಕೆ ಸರಿದಳು. ಅದು ಆಟವೆಂದು ಮಕ್ಕಳು ನಕ್ಕವು, ಅವಳೂ ನಕ್ಕಳು. ನಾನು ಕೂಗುವ ಮೊದಲೇ ಅಕ್ಕ ನಿಂತಿದ್ದಳು. ಎಷ್ಟೋ ವರ್ಷಗಳಿಂದ ಅವಳು ಹಾಗೆ ಒಮ್ಮೆಗೇ ಎದ್ದು ನಿಂತದ್ದನ್ನು ನಾನು ನೋಡಿರಲಿಲ್ಲ. ಕಾಲ ಕೆಳಗಿನ ಕಲ್ಲು ಬಿರುಕು ಬಿಟ್ಟಿತು. ಕೈ ಎತ್ತಿ ಹುಡುಗಿಯ ಬರಿಗೈಯನ್ನು ಹಿಡಿದಳು. ಭಾರ ಹಿಂತಿರುಗಿಸಲು ಹಿಡಿದಳೋ, ಕೂಸು ಹಾರಿಹೋಗುತ್ತದೆಂದು ಹಿಡಿದಳೋ ಎಂದು ಊರವರು ಆಮೇಲೆ ಬಹಳ ವಾದ ಮಾಡಿದರು. ನಾನು ಕೇಳಿದ್ದೇನೆ. ಎರಡೂ, ಅಂದಳು.

ಹುಡುಗಿ ದೊಪ್ಪನೆ ಅಕ್ಕನ ಕಾಲ ಬಳಿ ಬಿದ್ದಳು. ತಲೆ ಎತ್ತಲಾಗಲಿಲ್ಲ, ಬೆರಳು ಮಡಚಲಾಗಲಿಲ್ಲ. ಕಲ್ಲಿಗೆ ಕೆನ್ನೆಯಿಟ್ಟು ಬಿಕ್ಕುತ್ತ, "ಯಾರೋ ನನ್ನ ಒತ್ತಿ ಹಿಡ್ಕೊಂಡಿದ್ದಾರೆ, ಬಿಡಿಸಿ," ಎಂದಳು.

"ಯಾರೂ ಹಿಡಿದಿಲ್ಲ," ಅಕ್ಕ ಹೇಳಿದಳು. "ಅದು ನೀನ."

ಜಯತೀರ್ಥ ವೇದಿಕೆಯಿಂದ ಕೂಗುತ್ತ ಬಂದ. ನನ್ನ ಮಗಳನ್ನು ಹಾಳು ಮಾಡಿದೆ ಎಂದು ಅಕ್ಕನನ್ನು ಬೈದ. ವಾಪಸ್ ತೆಗೆದುಕೋ ಎಂದ. ಅಕ್ಕ ಮತ್ತೆ ತನ್ನ ಕೈ ಚಾಚಿದಳು, ಅವನತ್ತ. ಅಷ್ಟರಲ್ಲಿ ಮಂಡಳಿಯವರು ಅವನನ್ನು ಸುತ್ತುಗಟ್ಟಿ, ಹೊತ್ತವರ ಕೈಗೆ ಸಿಗದ ಹಾಗೆ ಮೇಲಿನವರನ್ನೆಲ್ಲ ಏರುಗಾಡಿಗೆ ದಾಟಿಸಿದರು. ಪಾಪ, ಅವನನ್ನು ಎಳೆದುಕೊಂಡು ಹೋದರು ಎಂದು ಇವತ್ತಿಗೂ ಕೆಲವರು ಹೇಳುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ. ಅವನ ಕಾಲಲ್ಲಿ ಸೀಸದ ಬೂಟುಗಳಿದ್ದವು. ಊರಿ ನಿಂತಿದ್ದರೆ ನಿಲ್ಲಬಹುದಿತ್ತು.

ಹುಡುಗಿಯನ್ನು ನಾನೇ ಎತ್ತಿಕೊಂಡು ಮನೆಗೆ ತಂದೆ. ಮರುದಿನದಿಂದಲೇ ಹಂಪಣ್ಣ ಅವಳ ಭಾರಕ್ಕೆ ಹೊಸ ಕೈ ಹುಡುಕುತ್ತ ಹೊರಟ. ಒಂದು ಪುಟ್ಟ ಹುಡುಗಿಯದು, ಯಾರಾದರೂ ಹೊತ್ತರೆ ಅವಳು ಅಪ್ಪನ ಹತ್ತಿರ ಹೋಗಬಹುದು ಎಂದು ಕಣ್ಣೀರು ತರಿಸುವಂತೆ ಹೇಳುತ್ತಿದ್ದ. ಸಮಾರಂಭದ ದಿನ ಹೆಸರು ಕೊಡಲು ಸಾಲು ನಿಂತಿದ್ದ ಹುಡುಗರೂ ಈಗ ಕೈ ಜೇಬಿಗೆ ಹಾಕಿಕೊಂಡರು. ಕಲ್ಲಪ್ಪ ಮಾಸ್ತರ ಮಗಳು ಅವನಿಗೆ ಬಾಗಿಲನ್ನೇ ತೆರೆಯಲಿಲ್ಲ. ನನ್ನ ಹತ್ತಿರ ಬಂದಾಗ ನಾನು ಹಿಟ್ಟು ನಾದುತ್ತಿದ್ದೆ. ಈ ಮನೆಯಿಂದ ಒಬ್ಬಳ ಮೈ ಕೊಟ್ಟಾಗಿದೆ, ಇನ್ನೊಬ್ಬಳದನ್ನು ಕೇಳಲು ನಿನಗೆ ನಾಚಿಕೆಯಾಗುವುದಿಲ್ಲವೇ ಎಂದು ಕೇಳಿದೆ. ಅವನು ತಲೆ ತಗ್ಗಿಸಿ ಹೋದ. ಎರಡನೇ ಬಳೆಯ ಕೆಲಸ ಅರ್ಧಕ್ಕೆ ನಿಂತಿತು. ಸಂಜೆ ನೋಡಿದರೆ ಆಕಾಶದಲ್ಲಿ ಅದರ ತುಂಡು ಕಾಣುತ್ತಿತ್ತು.

ಅಕ್ಕ ಆ ಹುಡುಗಿಯನ್ನು ಮುದ್ದು ಮಾಡಿದಳೆಂದು ನಾನು ಹೇಳಲಾರೆ. ಮುದ್ದು ಮಾಡಲಿಲ್ಲ. ಗಂಜಿ ಕುಡಿಸಿದಳು, ಕಾಲಿಗೆ ಎಣ್ಣೆ ತಿಕ್ಕಿದಳು, ಬೆಳಿಗ್ಗೆ ಎದ್ದ ಕೂಡಲೇ ಗೋಡೆ ಹಿಡಿಸಿ ನಿಲ್ಲಿಸಿದಳು. ಹುಡುಗಿ ಅತ್ತು ಎತ್ತಿಕೋ ಎಂದರೆ, ನಿಮ್ಮಪ್ಪನ ಭಾರ ಇನ್ನೂ ನನ್ನ ಮೇಲೇ ಇದೆ, ನಿನ್ನದನ್ನು ನೀನೇ ಎತ್ತಿಕೋ ಎಂದು ಗದರಿದಳು. ಹುಡುಗಿ ಅವಳನ್ನು ದ್ವೇಷಿಸಿದಳು. ಕಚ್ಚಿದಳು ಕೂಡ. ಆದರೆ ದಿನ ಕಳೆದಂತೆ ಅವಳು ಅಕ್ಕ ನಡೆಯುವುದನ್ನು ಗಮನಿಸತೊಡಗಿದಳು. ಹೊಸ್ತಿಲು ದಾಟುವ ಮುನ್ನ ಅಕ್ಕ ಹೇಗೆ ಚೌಕಟ್ಟು ಹಿಡಿದು ಉಸಿರೆಳೆದುಕೊಳ್ಳುತ್ತಾಳೆ, ಕೂರುವಾಗ ಹೇಗೆ ಹಲ್ಲು ಕಚ್ಚುತ್ತಾಳೆ ಎಂಬುದನ್ನೆಲ್ಲ. ಒಮ್ಮೆ ನನ್ನ ಹತ್ತಿರ ಬಂದು, ನಾನು ಅವರ ಮೇಲಿದ್ದಾಗಲೂ ಹೀಗೇ ನೋವಾಗುತ್ತಿತ್ತಾ ಎಂದು ಕೇಳಿದಳು. ಹೌದು ಎಂದೆ. ಸುಳ್ಳು ಹೇಳುವ ಮನಸ್ಸಾಗಲಿಲ್ಲ.

ಜಯತೀರ್ಥ ಬಂದದ್ದು ಒಂದು ಮುಂಜಾನೆ. ಜೊತೆಗೆ ಹಂಪಣ್ಣ ಮಾತ್ರ ಇದ್ದ. ಮತ್ತೆ ಅದೇ ಬೂಟು, ಅದೇ ಕೈಗವಸು. ಅಂಗಳದಲ್ಲಿ ನಿಂತು ಅಕ್ಕನಿಗೆ ಬೇಡಿಕೊಂಡ. ಮಗುವಿನದನ್ನು ಇನ್ನೊಮ್ಮೆ ಇಟ್ಟುಕೊಳ್ಳಿ, ಇದೇ ಕೊನೆ, ನಿಮಗೆ ಬೇಕಾದ್ದನ್ನು ಮಂಡಳಿ ಕೊಡುತ್ತದೆ ಎಂದ. ಅಕ್ಕ ಕಲ್ಲಿನ ಮೇಲೆ ಕೂತು ಅವನನ್ನು ನೋಡುತ್ತಿದ್ದಳು. ಒಳಗಿನಿಂದ ದನಿ ಕೇಳಿ ತಾರಿಣಿ ಬಾಗಿಲಿಗೆ ಬಂದಳು. ಗೋಡೆ ಬಿಟ್ಟು ಅಪ್ಪನ ಕಡೆ ಕೆಲವು ಹೆಜ್ಜೆ ನಡೆದಳು, ಕಾಲು ಸೋತು ಮಂಡಿಯೂರಿದಳು.

ಅವನು ಧಾವಿಸಿ ಬಂದು ಅವಳನ್ನು ತಬ್ಬಿ ಎತ್ತಲು ನೋಡಿದ. ಹುಡುಗಿ ಮೇಲೇಳಲಿಲ್ಲ. ಮುಖ ಕೆಂಪಾಗುವಷ್ಟು ಜಗ್ಗಿದ. ಜಗ್ಗಿದ ರಭಸಕ್ಕೆ ಅವನ ಕಾಲುಗಳೇ ಬೂಟಿನಿಂದ ಜಾರಿ ಹೊರಬಂದವು. ಮಗಳನ್ನು ಎತ್ತಹೋದವನು ತಾನೇ ಮೇಲೆದ್ದ. ತಲೆ ಕೆಳಗಾಗಿ, ಕಾಲು ಆಕಾಶಕ್ಕಾಗಿ ತೇಲಿದ. ತಾರಿಣಿ ಎರಡೂ ಕೈಯಿಂದ ಅವನ ಕೋಟನ್ನು ಹಿಡಿದುಕೊಂಡಳು. ಅವಳು ಹಿಡಿದಿದ್ದರಿಂದಷ್ಟೇ ಅವನು ನಮ್ಮ ಅಂಗಳದಲ್ಲಿದ್ದ. ಹಂಪಣ್ಣ ಮುಂದೆ ಬರಹೋದ. ಅಕ್ಕ ಅವನತ್ತ ಒಮ್ಮೆ ನೋಡಿದಳು, ಅವನು ನಿಂತಲ್ಲೇ ನಿಂತ.

ಹುಡುಗಿ ಹಿಡಿತ ಬಿಗಿ ಮಾಡಿಕೊಂಡಳು. "ಅಪ್ಪಾ, ನಿನ್ನ ಹಿಡ್ಕೊಂಡಿರೋಕೆ ನನಗಾಗಲ್ಲ," ಎಂದಳು. "ನಿನ್ನದು ಅವರ ಹತ್ರ ಇದೆ. ಇಸ್ಕೋ."

ಅಕ್ಕ ಎದ್ದು ಬಂದು ಪಕ್ಕದಲ್ಲಿ ನಿಂತಿದ್ದಳು. ಕೈ ಮುಂದಿಟ್ಟಳು. ಅವನು ಎಲುಬಿನ ಮಾತು ಎತ್ತಿದ, ಎರಡನೇ ಬಳೆಯ ಮಾತು ಎತ್ತಿದ, ತಾನಿಲ್ಲದಿದ್ದರೆ ಅಲ್ಲಿ ಏನೇನು ನಿಂತುಹೋಗುತ್ತದೆಂದು ಹೇಳಿದ. ತಲೆ ಕೆಳಗಾಗಿ ತೇಲುತ್ತ ಅದನ್ನೆಲ್ಲ ಹೇಳಿದ. ಮಗಳ ಒಂದು ಕೈ ಜಾರಿತು. ಅವನು ಮಾತು ನಿಲ್ಲಿಸಿ ಅವಳ ಮುಖ ನೋಡಿದ. ಆಮೇಲೆ ಹಲ್ಲಿನಿಂದ ಕೈಗವಸು ಕಚ್ಚಿ ಎಳೆದು ಉಗುಳಿ, ಅಕ್ಕನ ಕೈ ಹಿಡಿದ.

ಬಿದ್ದ ಸದ್ದು ಓಣಿಯ ಕೊನೆ ತನಕ ಕೇಳಿಸಿತಂತೆ. ಅದರಲ್ಲಿ ಎಲುಬಿನ ಸದ್ದೂ ಇತ್ತು. ಅವನು ಮಣ್ಣಿಗೆ ಬಾಯಿಟ್ಟು ನರಳಿದ. ನೆಲ ತನ್ನನ್ನು ಎಳೆಯುತ್ತಿದೆ, ಎಬ್ಬಿಸಿ ಎಂದ. ಅಕ್ಕ ಒಂದು ಕ್ಷಣ ಓಲಾಡಿದಳು. ಎಷ್ಟೋ ವರ್ಷ ನೂಕಿ ನಿಂತಿದ್ದ ಬಾಗಿಲು ಒಮ್ಮೆಗೇ ತೆರೆದುಕೊಂಡಾಗ ಮುಗ್ಗರಿಸುವ ಹಾಗೆ. ನಾನು ಹಿಡಿಯಲು ಹೋದೆ, ಬೇಡವೆಂದಳು. ನೆಟ್ಟಗೆ ನಿಂತು ಅವನನ್ನು ಕೆಳಗೆ ನೋಡಿದಳು. ಅವಳ ಮುಖದಲ್ಲಿ ಸಂತೋಷವಿರಲಿಲ್ಲ.

"ಏಳು," ಎಂದಳು. "ನಾ ದಿನಾ ಎದ್ದೀನಿ."

ಅವನು ಮೊಣಕೈಯೂರಿದ, ಜಾರಿದ, ಮತ್ತೆ ಊರಿದ. ಅವನು ಗೋಡೆ ಹಿಡಿದು ಒಂದು ಕಾಲಿನ ಮೇಲೆ ನಿಲ್ಲುವಷ್ಟರಲ್ಲಿ ಬಿಸಿಲು ಅಂಗಳದ ಆಚೆ ಬದಿಗೆ ಹೋಗಿತ್ತು. ಅಷ್ಟೂ ಹೊತ್ತು ಅಕ್ಕ, ನಾನು, ಅವನ ಮಗಳು ಮೂವರೂ ನೋಡುತ್ತ ನಿಂತಿದ್ದೆವು.